ಕ್ರಾಸಿನ ಫ್ಲೆಕ್ಸು

ಆ ವರ್ಷ ಮೇಲಿನಿಂದ ಒಂದು ಸುತ್ತೋಲೆ ಬಂತು. ಹೈಸ್ಕೂಲಿನ ಮಕ್ಕಳಿಗೆ ವಾರಕ್ಕೊಂದು ದಿನ 'ದೃಶ್ಯ ಮತ್ತು ಮಾಧ್ಯಮ ಕಲೆ' ಕಲಿಸಬೇಕಂತೆ. ಹೆಡ್ಮಾಸ್ತರು ಕನ್ನಡಕ ತೆಗೆದು ಒರೆಸಿಕೊಂಡು ಇನ್ನೊಮ್ಮೆ ಓದಿದರು. ಅರ್ಥ ಆಗಲಿಲ್ಲ. ಅದನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಹೋಗಿ ಡ್ರಾಯಿಂಗ್ ಮಾಸ್ತರ ಟೇಬಲ್ಲಿನ ಮೇಲೆ ಇಟ್ಟು ಬಂದರು. ಕೆಲಸ ಯಾರದೆಂದು ಗೊತ್ತಾಗದಿದ್ದರೆ ಅದು ಡ್ರಾಯಿಂಗ್ ಮಾಸ್ತರದು ಎನ್ನುವುದು ಎಲ್ಲ ಸಾಲಿಗಳ ಬರೆಯದ ಕಾನೂನು.

ಡ್ರಾಯಿಂಗ್ ಮಾಸ್ತರು ಗೌರೀಶ ಸರ್. ಬೀಳಗಿ ಕಡೆಯಿಂದ ವರ್ಗವಾಗಿ ಜೂನಿನಲ್ಲಷ್ಟೇ ಮುಧೋಳ ತಾಲೂಕಿನ ಈ ಸಾಲಿಗೆ ಬಂದಿದ್ದರು. ಸಾಲಿಯ ಮೂರು ಕಡೆ ಕಬ್ಬು, ಒಂದು ಕಡೆ ರಸ್ತೆ. ಕಂಪ್ಯೂಟರ್ ಕೋಣೆಯಲ್ಲಿ ಆರು ಕಂಪ್ಯೂಟರುಗಳಿದ್ದವು, ಅವುಗಳಲ್ಲಿ ಎರಡು ಚಾಲೂ ಆಗುತ್ತಿದ್ದವು, ಆ ಎರಡರಲ್ಲಿ ಒಂದಕ್ಕೆ ಹತ್ತು ನಿಮಿಷಕ್ಕೊಮ್ಮೆ ನಿದ್ದೆ ಬರುತ್ತಿತ್ತು. ಆದರೂ ಗೌರೀಶ ಸರ್ ಸುತ್ತೋಲೆಯನ್ನು ನಂಬುವ ಜಾತಿಯ ಮನುಷ್ಯ. ಶನಿವಾರ ಬೆಳಗಿನ ಕೊನೆಯ ಎರಡು ಪಿರಿಯಡ್ ಹಿಡಿದು, ಮಕ್ಕಳಿಗೆ ಫೋಟೋ ತೆಗೆಯುವುದು, ಫೋಟೋ ಕತ್ತರಿಸುವುದು, ಅದರ ಮೇಲೆ ಅಕ್ಷರ ಕೂರಿಸುವುದು, ಒಂದು ನಿಮಿಷದ ವಿಡಿಯೋ ಜೋಡಿಸುವುದು ಎಲ್ಲ ಕಲಿಸತೊಡಗಿದರು. ಮನೆಯಲ್ಲಿ ಫೋನು ಇದ್ದವರು ತಂದರು, ಇಲ್ಲದವರು ಸರ್ ಫೋನಿಗೆ ಸರದಿ ಹಚ್ಚಿದರು.

ಹತ್ತನೇ ಇಯತ್ತೆಯ ಮನೀಷಾ ಈ ಕ್ಲಾಸಿನಲ್ಲಿ ಎಲ್ಲರಿಗಿಂತ ಮುಂದೆ ಹೋದಳು. ಉಳಿದ ವಿಷಯಗಳಲ್ಲಿ ಅವಳೇನು ಮಹಾ ಜಾಣೆಯಲ್ಲ. ಆದರೆ ಫೋಟೋದಲ್ಲಿರುವ ಮನುಷ್ಯನ ಅಂಚು ಹಿಡಿದು, ಅವನ ಹಿಂದಿನ ಗೋಡೆ, ಗಿಡ, ಎಮ್ಮೆ ಎಲ್ಲ ಅಳಿಸಿ, ಆಸಾಮಿಯನ್ನು ಮಾತ್ರ ಎತ್ತಿ ಬೇರೆ ಕಡೆ ಕೂರಿಸುವ ಕೆಲಸವಿದೆಯಲ್ಲ, ಅದು ಅವಳ ಕೈಗೆ ಹತ್ತಿತು. ಹೆಡ್ಮಾಸ್ತರ ಫೋಟೋ ಕೊಟ್ಟಾಗ ಯುವರಾಜ ಎನ್ನುವ ಹುಡುಗ ಅವರ ಒಂದು ಕಿವಿ ಹಾರಿಸಿ ಇಡೀ ಕ್ಲಾಸು ನಗುವ ಹಾಗೆ ಮಾಡಿದ. ಮನೀಷಾ ಎರಡೂ ಕಿವಿ ಉಳಿಸಿ, ಕಿವಿಯಲ್ಲಿನ ಕೂದಲನ್ನೂ ಉಳಿಸಿ ತೋರಿಸಿದಳು.

"ಏನವ್ವಾ, ನಿನ್ನ ಕೈ ಒಂದ ಚೂರೂ ಅಳ್ಳಾಡೂದಿಲ್ಲಲ್ಲ!" ಎಂದರು ಸರ್.

ಅವಳು ಮುಂದಿನ ಫೋಟೋ ತೆರೆದಳು. ಹೊಗಳಿಕೆ ಕೇಳಿ ಖುಷಿಯಾಗಬೇಕಿತ್ತು, ಆಗಲಿಲ್ಲ. ಹಲ್ಲು ಕೀಳುವಾಗ ಕೊಟ್ಟ ಇಂಜೆಕ್ಷನ್ನು ಇಳಿಯದೆ ಹಾಗೇ ಉಳಿದುಬಿಟ್ಟರೆ ಹೇಗಿರುತ್ತದೋ ಹಾಗಿತ್ತು ಅವಳ ಸ್ಥಿತಿ, ಅದೂ ಒಂದು ವರ್ಷದಿಂದ. ಊಟ ಮಾಡುತ್ತಿದ್ದಳು, ಸಾಲಿಗೆ ಬರುತ್ತಿದ್ದಳು, ಗೆಳತಿ ಮಧುಮತಿ ಜೋಕು ಹೇಳಿದರೆ ಎಲ್ಲಿ ನಗಬೇಕೋ ಅಲ್ಲಿ ನಗುತ್ತಿದ್ದಳು. ಬೇರೆಯವರಿಗೆ ಗೊತ್ತಾಗುವಂಥದ್ದು ಏನೂ ಇರಲಿಲ್ಲ. ಅವಳ ಅಪ್ಪ ತುಕಾರಾಮ ಹೋದ ವರ್ಷದ ಕಬ್ಬಿನ ಹಂಗಾಮಿನಲ್ಲಿ ರಸ್ತೆಯಲ್ಲಿ ತೀರಿಕೊಂಡದ್ದು ಸಾಲಿಗೆಲ್ಲ ಗೊತ್ತಿತ್ತು, ಹೊಸದಾಗಿ ಬಂದ ಗೌರೀಶ ಸರ್ ಒಬ್ಬರನ್ನು ಬಿಟ್ಟು.

ಅಕ್ಟೋಬರಿನಲ್ಲಿ ಗ್ರಾಮ ಪಂಚಾಯ್ತಿಯವರು ಒಂದು ಮಾತು ಕೊಟ್ಟರು. ಕಬ್ಬಿನ ಹಂಗಾಮು ಶುರುವಾಗುವುದರೊಳಗೆ ಮಕ್ಕಳು ರಸ್ತೆ ಸುರಕ್ಷತೆಯ ಬಗ್ಗೆ ಒಂದು ಛಲೋ ಫ್ಲೆಕ್ಸು ಮಾಡಿಕೊಟ್ಟರೆ, ಹತ್ತಡಿ ಅಗಲ ಮಾಡಿಸಿ ಕ್ರಾಸಿನಲ್ಲಿ ನಿಲ್ಲಿಸುತ್ತೇವೆ ಎಂದು. ಗೌರೀಶ ಸರ್ ಉಬ್ಬಿ ಹೋದರು. ಬೋರ್ಡಿನ ಮೇಲೆ ದೊಡ್ಡದಾಗಿ ಬರೆದರು: ಅಕ್ಷರ ಕಡಿಮೆ, ಹತ್ತು ಹೆಜ್ಜೆ ದೂರದಿಂದ ಕಾಣಬೇಕು, ಗೂಗಲ್ಲಿನ ಚಿತ್ರ ಬೇಡ.

"ಗೂಗಲ್‌ನ್ಯಾಗ ಹುಡಿಕಿದ್ರ ಅಮೇರಿಕಾದ ರಸ್ತೆ ಬರ್ತಾವ," ಎಂದರು. "ಅಲ್ಲಿ ಕಬ್ಬಿನ ಟ್ರೇಲರ್ ಐತೇನ? ನಮ್ಮ ರಸ್ತೆ ಬೇಕು. ನಮ್ಮ ಮಣ್ಣು, ನಮ್ಮ ಗಾಡಿ. ಮುಂದಿನ ಶನಿವಾರ ಎಲ್ಲಾರೂ ಒಂದೊಂದ ಫೋಟೋ ತರ್ರಿ."

ಮಧುಮತಿ ಹೊರಳಿ ಮನೀಷಾಳ ಮುಖ ನೋಡಿದಳು. ಮನೀಷಾ ಬೋರ್ಡು ನೋಡುತ್ತಿದ್ದಳು.

"ನೀ ಏನಂತಿಯವ್ವಾ?" ಎಂದರು ಸರ್, ಕಟಿಂಗ್ ಮಾಡುವವಳು ಅವಳೇ ತಾನೆ ಎಂದು.

"ಛಲೋ ಐತ್ರಿ ಸರ್," ಎಂದಳು ಮನೀಷಾ.

ಗೌರೀಶ ಸರ್ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ನಮ್ಮ ಕಡೆಯ ಹುಡುಗರಿಗೆ 'ನಮ್ಮ ರಸ್ತೆಯ ಫೋಟೋ' ಎಂದರೆ ಎಲ್ಲಿ ಸಿಗುತ್ತದೆ? ತಾಲೂಕಿನ ವಾಟ್ಸಾಪ್ ಗುಂಪಿನಲ್ಲಿ. ಎಮ್ಮೆ ಕಳೆದರೆ ಅಲ್ಲಿ, ಮದುವೆಯಾದರೆ ಅಲ್ಲಿ, ಯಾರಾದರೂ ರಸ್ತೆಯಲ್ಲಿ ಬಿದ್ದರೂ ಅಲ್ಲಿಯೇ. ಬಿದ್ದವನನ್ನು ಮೊದಲು ಎತ್ತಬೇಕೋ ಫೋಟೋ ತೆಗೆಯಬೇಕೋ ಎನ್ನುವ ಪ್ರಶ್ನೆ ಬಂದರೆ ನಮ್ಮ ಜನ ಎರಡನ್ನೂ ಮಾಡುತ್ತಾರೆ, ಫೋಟೋ ಮೊದಲು ಮಾಡುತ್ತಾರೆ. ಕೆಳಗೆ 'ಗುರುತು ಸಿಕ್ಕವರು ತಿಳಿಸಿರಿ' ಎಂದು ಬರೆಯುತ್ತಾರೆ. ಕೆಟ್ಟ ಮನಸ್ಸಿನಿಂದಲ್ಲ. ಮನೆಯವರಿಗೆ ಬೇಗ ಮುಟ್ಟಲಿ ಎಂದೇ. ಬೇಗ ಮುಟ್ಟುತ್ತದೆ ಕೂಡ.

ಮುಂದಿನ ಶನಿವಾರ ಯುವರಾಜ ಒಂದು ಫೋಟೋ ತಂದ. ಅವನು ಹಿಪ್ಪರಗಿಯವನು, ಈ ವರ್ಷ ಸೋದರತ್ತೆಯ ಮನೆಯಲ್ಲಿದ್ದು ಓದುತ್ತಿದ್ದ. ಅತ್ತೆಯ ಮಗನ ಫೋನಿನಲ್ಲಿ ಹಳೆಯದನ್ನೆಲ್ಲ ಕೆದಕಿ ಹುಡುಕಿದ್ದನಂತೆ.

"ಸರ್, ಇದನ್ನ ನೋಡ್ರಿ. ಎಲ್ಲಾ ಐತ್ರಿ ಇದರಾಗ."

ಎಲ್ಲ ಇತ್ತು. ಟ್ರ್ಯಾಕ್ಟರಿನ ಹೆಡ್‌ಲೈಟಿನ ಬೆಳಕು, ಎರಡೂ ಬದಿ ಎತ್ತರದ ಕಬ್ಬು, ರಸ್ತೆಯ ನಡುವೆ ನಾಲ್ಕು ದೊಡ್ಡ ಕಲ್ಲು, ಅಡ್ಡ ಬಿದ್ದ ಬೈಕು, ಸುತ್ತ ನಿಂತವರ ಕಾಲುಗಳು, ಮತ್ತು ಮುಖ ಆ ಕಡೆ ಮಾಡಿ ಬಿದ್ದಿದ್ದ ಒಬ್ಬ ಮನುಷ್ಯ. ಆ ಕಲ್ಲುಗಳ ಕಥೆ ಹಂಗಾಮಿನಲ್ಲಿ ಓಡಾಡುವವರಿಗೆಲ್ಲ ಗೊತ್ತು. ಟ್ರೇಲರ್ ಕೆಟ್ಟು ನಿಂತಾಗ ಡ್ರೈವರ್‌ಗಳು ಗಾಲಿ ಹಿಂದೆ ಸರಿಯದಿರಲಿ ಎಂದೂ, ಹಿಂದಿನಿಂದ ಬರುವವರಿಗೆ ಗೊತ್ತಾಗಲಿ ಎಂದೂ ರಸ್ತೆಯ ಮೇಲೆ ಕಲ್ಲಿಡುತ್ತಾರೆ. ರಿಪೇರಿ ಆದೊಡನೆ ಟ್ರೇಲರ್ ಎಳೆದುಕೊಂಡು ಹೋಗುತ್ತಾರೆ. ಕಲ್ಲು ತೆಗೆಯಲು ಯಾರಿಗೆ ನೆನಪಿರುತ್ತದೆ, ಮುಂದೆ ಸಕ್ಕರೆ ಕಾರ್ಖಾನೆಯ ಸಾಲು ಕಾಯುತ್ತಿರುವಾಗ.

ಫೋನು ಕೈಯಿಂದ ಕೈಗೆ ಬಂದು ಮನೀಷಾಳ ಕೈ ಸೇರಿತು. ಅವಳು ನೋಡಿದಳು. ಹೊಸದಾಗಿ ನೋಡುವಂಥದ್ದು ಏನೂ ಇರಲಿಲ್ಲ.

ಹೋದ ವರ್ಷ ಇದೇ ಫೋಟೋ ಅವಳ ಕೈಗೆ ಬಂದದ್ದು ಸಂಜೆ ಏಳೂಮುಕ್ಕಾಲಿಗೆ. ಅಪ್ಪನದು ಬಿಟ್ಟರೆ ಮನೆಯಲ್ಲಿದ್ದ ಒಂದೇ ಫೋನು ಹೋಮ್‌ವರ್ಕಿನ ನೆವದಲ್ಲಿ ಅವಳ ಬಳಿ ಇತ್ತು. ಅವ್ವ ಕರೆವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅಪ್ಪ ಮುಧೋಳದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಕೆಲಸಕ್ಕಿದ್ದ, ಬರುವ ಹೊತ್ತಾಗಿತ್ತು. ಗುಂಪಿನಲ್ಲಿ ಫೋಟೋ ಬಿತ್ತು. ನೀಲಿ ಚೌಕಳಿ ಅಂಗಿ. ಬೆಳಿಗ್ಗೆ ಅದರ ಗುಂಡಿ ಹಚ್ಚಿಕೊಟ್ಟವಳು ಅವಳೇ. ಮನೀಷಾ ಫೋಟೋ ಅಳಿಸಿದಳು. ಫೋನನ್ನು ಪುಸ್ತಕದ ಕೆಳಗೆ ಇಟ್ಟಳು. ಪೆನ್ನು ಹಿಡಿದು ಅರ್ಧ ಬರೆದ ಸಾಲನ್ನು ಪೂರಾ ಮಾಡಿದಳು. ಅಳಿಸಿದರೆ ಆಗಿಲ್ಲವೇನೋ ಎಂದು ಅವಳಿಗೆ ಅನಿಸಿತ್ತೋ, ಏನೂ ಅನಿಸಿರಲಿಲ್ಲವೋ, ಈಗ ಅವಳಿಗೇ ನೆನಪಿಲ್ಲ. ಅವ್ವನ ತಮ್ಮ, ಅಂದರೆ ಅವಳ ಮಾಮಾ, ಬಾಗಿಲಿಗೆ ಬಂದು ಚಪ್ಪಲಿ ಬಿಡದೆ ನಿಂತದ್ದು ಎಂಟೂ ಇಪ್ಪತ್ತೈದಕ್ಕೆ. ನಡುವೆ ನಲವತ್ತು ನಿಮಿಷ. ಆ ನಲವತ್ತು ನಿಮಿಷದಲ್ಲಿ ಕರೆವ್ವ ಆರು ರೊಟ್ಟಿ ಮಾಡಿದಳು, ಎರಡು ಸಲ "ಅಪ್ಪಗ ಫೋನ್ ಹಚ್ಚ ನೋಡು" ಎಂದಳು. ಎರಡು ಸಲವೂ ಮನೀಷಾ "ಹತ್ತವಲ್ದು" ಎಂದಳು. ಹಚ್ಚಿರಲೇ ಇಲ್ಲ.

ಮಣ್ಣು ಮಾಡುವ ದಿನ ತುಕಾರಾಮನನ್ನು ಆಸ್ಪತ್ರೆಯಿಂದ ಪೂರ್ತಿ ಸುತ್ತಿಕೊಟ್ಟಿದ್ದರು. ಗಂಡಸರು ಬಿಚ್ಚಲು ಬಿಡಲಿಲ್ಲ. ಮುಖದ ಒಂದು ಮಗ್ಗುಲು ಮಾತ್ರ ಕಾಣುವಷ್ಟು ಸರಿಸಿದರು, ಕರೆವ್ವ ಆ ಮಗ್ಗುಲಿಗೆ ಕೈ ಹಚ್ಚಿದಳು. ಆಮೇಲೆ ಹತ್ತು ದಿನ ಬಂದವರನ್ನೆಲ್ಲ ಕೇಳಿದಳು, ಹೆಂಗ ಬಿದ್ದಿದ್ದ, ಯಾರಾರ ನೋಡೀರೇನು, ಜೀವ ಇತ್ತೇನು ಎಂದು. "ಮಲಗಿದಂಗ ಇದ್ದ ಬಿಡವ್ವಾ," ಎಂದರು ಎಲ್ಲರೂ. ಹತ್ತು ದಿನವಾದ ಮೇಲೆ ಅವಳು ಕೇಳುವುದನ್ನು ಬಿಟ್ಟಳು. ಕೇಳುವುದು ಬಿಟ್ಟದ್ದು ಒಳ್ಳೆಯದಾಯಿತು ಎಂದುಕೊಂಡಳು ಮನೀಷಾ.

ಆವತ್ತಿನಿಂದ ಅವಳಿಗೆ ಜೀವನದಲ್ಲಿ ಉಳಿದದ್ದು ಒಂದೇ ಕೆಲಸ: ಅವ್ವ ಆ ಫೋಟೋ ನೋಡಬಾರದು. ನೋಡಿದರೆ, ಇದು ನಿನ್ನ ಕೈಯಲ್ಲಿದ್ದ ಫೋನಿಗೆ ಎಷ್ಟು ಗಂಟೆಗೆ ಬಂದಿತ್ತು ಎಂದು ಕೇಳಬಹುದು. ಅದಕ್ಕೆಂದೇ ಫೋನಿನಿಂದ ಆ ಗುಂಪನ್ನೇ ತೆಗೆದುಹಾಕಿದ್ದಳು. ಈಗ ನೋಡಿದರೆ ಅದೇ ಫೋಟೋ ಹತ್ತಡಿ ಅಗಲವಾಗಿ ಕ್ರಾಸಿನಲ್ಲಿ ನಿಲ್ಲುವುದಕ್ಕೆ ಹೊರಟಿತ್ತು. ಆ ಕ್ರಾಸಿನಲ್ಲಿಯೇ ಕರೆವ್ವ ದಿನಾ ಒಂಬತ್ತಕ್ಕೆ ಟಂಟಂ ಆಟೋ ಕಾಯುತ್ತಾಳೆ, ಪಕ್ಕದೂರಿನ ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದಾಳೆ. ಟಂಟಂ ಬರುವುದು ಅದರ ಮನಸ್ಸಿಗೆ ಬಂದಾಗ. ಒಂದೊಂದು ದಿನ ಅರ್ಧ ತಾಸು ನಿಲ್ಲಬೇಕು.

"ಈ ಫೋಟೋ ಗಟ್ಟಿ ಐತಿ," ಎಂದರು ಗೌರೀಶ ಸರ್. "ಮನುಷ್ಯಾನ ಮಾರಿ ಕಾಣವಲ್ದು, ಅದೂ ಛಲೋ ಆತು. ಆದ್ರೂ ಸ್ವಲ್ಪ ಬ್ಲರ್ ಮಾಡೂಣ. ಕೆಲಸ ಯಾರ ಮಾಡ್ತೀರಿ?"

"ನಾ ಮಾಡ್ತೇನ್ರಿ," ಎಂದಳು ಮನೀಷಾ.

ಒಂದು ವಾರ ಮಧ್ಯಾಹ್ನದ ಬಿಡುವಿನಲ್ಲಿ ಅವಳು ನಿದ್ದೆ ಬರದ ಕಂಪ್ಯೂಟರಿನ ಮುಂದೆ ಕುಳಿತಳು. ಸರ್ ಹೇಳಿದ್ದು ಬ್ಲರ್ ಮಾಡಲು. ಅವಳು ಬ್ಲರ್ ಮಾಡಲಿಲ್ಲ, ಅಳಿಸಿದಳು. ಫೋಟೋವನ್ನು ಎಷ್ಟು ಹಿಗ್ಗಿಸಿದಳೆಂದರೆ ಮನುಷ್ಯನ ಆಕಾರ ಹೋಗಿ ಬರೀ ಚೌಕ ಚೌಕ ಬಣ್ಣ ಉಳಿಯಿತು. ನೀಲಿ ಚೌಕ ಇದ್ದಲ್ಲಿ ಪಕ್ಕದ ಡಾಂಬರು ತಂದು ಅಂಟಿಸಿದಳು. ಕಪ್ಪು ಚೌಕ ಇದ್ದಲ್ಲಿ ಮಣ್ಣು ತಂದಳು. ಮೊದಲ ದಿನ ಕಾಲು, ಎರಡನೆಯ ದಿನ ಅಂಗಿ, ಮೂರನೆಯ ದಿನ ಭುಜ. ತಲೆ ಕೊನೆಗೆ ಉಳಿಸಿಕೊಂಡಿದ್ದಳು. ತಲೆ ಅಳಿಸುವಾಗ ಏನಾದರೂ ಆಗುತ್ತದೆಂದು ಕಾಯ್ದಳು. ಏನೂ ಆಗಲಿಲ್ಲ. ಬಿಸಿಯೂಟಕ್ಕೆ ಕರೆದರು, ಹೋಗಿ ಅನ್ನ ಸಾಂಬಾರು ಉಂಡು ಬಂದು, ಉಳಿದ ಕೂದಲನ್ನೂ ತೆಗೆದಳು. ತನಗೆ ಇಷ್ಟು ಸುಲಭವಾಗಿ ಇದು ಸಾಧ್ಯವಾಯಿತಲ್ಲ ಎನ್ನುವುದೊಂದೇ ಅವಳಿಗೆ ಸ್ವಲ್ಪ ಹೆದರಿಕೆ ಹುಟ್ಟಿಸಿತು.

ಶನಿವಾರ ಸರ್ ಅದನ್ನು ಗೋಡೆಯ ಮೇಲೆ ಪ್ರೊಜೆಕ್ಟರಿನಲ್ಲಿ ಹಾಕಿ, ತಮ್ಮದೇ ನಿಯಮದ ಪ್ರಕಾರ ಹತ್ತು ಹೆಜ್ಜೆ ಹಿಂದೆ ಹೋಗಿ ನಿಂತರು. ಕಬ್ಬು, ಕಲ್ಲು, ಬೈಕು. ಸುತ್ತ ನಿಂತವರ ಕಾಲುಗಳು, ನಡುವೆ ಖಾಲಿ ರಸ್ತೆ.

"ಎಲ್ಲೇವ್ವಾ ಮನುಷ್ಯಾ?"

"ತಗದೇನ್ರಿ."

"ತಗದ್ರ ಏನ ಉಳೀತು? ಇವ್ರೆಲ್ಲಾ ನಿಂತ ಏನ ನೋಡಾಕತ್ಯಾರ, ಬರೇ ಡಾಂಬರಾನ?" ಸರ್ ನಕ್ಕರು. "ಕೆಲಸ ಬೆಂಕಿ ಐತಿ. ಆದ್ರ ಜೀವಾನ ಹೋತಲ್ಲ ಚಿತ್ರದ್ದು. ಮನುಷ್ಯಾನ್ನ ಮತ್ತ ಕೂಡಸು."

ಕ್ಲಾಸಿನಲ್ಲಿ ಯಾರೋ ಕೆಮ್ಮಿದರು. ಮಧುಮತಿ ಎದ್ದು ಸರ್ ಹತ್ತಿರ ಹೋಗಿ ಕಿವಿಯಲ್ಲಿ ಏನೋ ಹೇಳಿದಳು. ಮಧುಮತಿಗೆ ಗೊತ್ತಿದ್ದದ್ದು ಮನೀಷಾಳ ಅಪ್ಪ ಹೀಗೇ ಕಲ್ಲಿಗೆ ಬಡಿದು ತೀರಿಕೊಂಡ ಎಂಬಷ್ಟೇ. ಆ ಫೋಟೋದಲ್ಲಿ ಇದ್ದವನು ಯಾರೆಂದು ಅವಳಿಗೂ ಗೊತ್ತಿರಲಿಲ್ಲ. ಗೌರೀಶ ಸರ್ ಪ್ರೊಜೆಕ್ಟರ್ ಆರಿಸಲು ಹೋಗಿ ಫ್ಯಾನು ಆರಿಸಿದರು.

"ನಂಗ ಗೊತ್ತ ಇರ್ಲಿಲ್ಲವ್ವಾ," ಎಂದರು. "ಬ್ಯಾಡ. ಈ ವಿಷಯಾನ ಬಿಟ್ಟಬಿಡೂಣ. ಪ್ಲಾಸ್ಟಿಕ್ ಮ್ಯಾಲ ಮಾಡೂಣಂತ, ಗಿಡಾ ಹಚ್ಚೂದರ ಮ್ಯಾಲ ಮಾಡೂಣಂತ."

ಇಲ್ಲಿ ಮನೀಷಾ ಹೂಂ ಎಂದಿದ್ದರೆ ಕಥೆ ಮುಗಿಯುತ್ತಿತ್ತು. ಅವಳೂ ಹೂಂ ಎನ್ನಲೆಂದೇ ಬಾಯಿ ತೆರೆದಳು. ಆದರೆ ಯುವರಾಜನ ಫೋನಿನಲ್ಲಿ ಆ ಫೋಟೋ ಹಾಗೇ ಇತ್ತು, ಅವನ ಅತ್ತೆಯ ಮಗನ ಫೋನಿನಲ್ಲಿಯೂ ಇತ್ತು. ಈ ವರ್ಷವಲ್ಲದಿದ್ದರೆ ಮುಂದಿನ ವರ್ಷ ಇನ್ನೊಬ್ಬ ಹುಡುಗ ಇನ್ನೊಬ್ಬ ಮಾಸ್ತರಿಗೆ ಅದನ್ನೇ ತಂದುಕೊಡುತ್ತಾನೆ. ಕ್ರಾಸಿನಲ್ಲಿ ಬೇರೆ ಫೋಟೋ ಒಂದು ಮೊದಲೇ ನಿಂತುಬಿಟ್ಟರೆ ಆ ಜಾಗವಾದರೂ ತುಂಬುತ್ತದೆ. ಅದೊಂದು ಲೆಕ್ಕ. ಇನ್ನೊಂದು, ಹಂಗಾಮು ಶುರುವಾದರೆ ಕಲ್ಲುಗಳು ಮತ್ತೆ ರಸ್ತೆಗೆ ಬರುತ್ತವೆ, ಯಾರಾದರೂ ಹೇಳಲೇಬೇಕಲ್ಲ.

"ವಿಷಯಾ ಇದ ಇರ್ಲಿ ಸರ್," ಎಂದಳು. "ಫೋಟೋ ಅಷ್ಟ ಹೊಸಾದ ತಗ್ಯೂಣ್ರಿ. ನಾ ಮಲಗ್ತೇನಿ."

ಯಾರಿಗೂ ಬೇಡ ಎನ್ನುವ ಧೈರ್ಯ ಆಗಲಿಲ್ಲ. ಅವಳು ಅಷ್ಟು ಸಾದಾ ದನಿಯಲ್ಲಿ ಹೇಳಿದ್ದಳು, ಬೋರ್ಡು ಒರೆಸುತ್ತೇನೆ ಎಂದ ಹಾಗೆ.

ಸಾಲಿಯ ಹಿಂದಿನ ಹೊಲದ ರಸ್ತೆಗೆ ಹೋದರು. ಸರ್ ತಮ್ಮ ಬೈಕನ್ನು ಮೆಲ್ಲಗೆ ಅಡ್ಡ ಮಲಗಿಸಿದರು. ಹುಡುಗರು ಬದುವಿನ ಕಲ್ಲು ಹೊತ್ತು ತಂದರು. ಮನೀಷಾ ಯೂನಿಫಾರ್ಮಿನ ಮೇಲೆಯೇ ಯುವರಾಜ ಓಡಿ ಹೋಗಿ ತಂದ ಅತ್ತೆಯ ಮಗನ ಅಂಗಿ ತೊಟ್ಟು, ಜಡೆಯನ್ನು ಕಾಲರಿನೊಳಗೆ ಸೇರಿಸಿಕೊಂಡಳು. "ಆ ಕಲ್ಲ ಇತ್ತಾಗ ಸರಸ್ರಿ," ಎಂದಳು. "ಇನ್ನೊಂದ ಸ್ವಲ್ಪ. ಬೈಕಿನ ಹ್ಯಾಂಡಲ್ ಈ ಕಡಿ." ಆಮೇಲೆ ಮಲಗಿದಳು. ಹೇಗೆ ಮಲಗಬೇಕೆಂದು ಯಾರೂ ಹೇಳಬೇಕಾಗಲಿಲ್ಲ. ಒಂದು ವಾರ ಚೌಕ ಚೌಕವಾಗಿ ನೋಡಿದವಳು, ಎಲ್ಲಿ ಏನಿತ್ತು ಎನ್ನುವುದು ಅವಳಿಗಿಂತ ಹೆಚ್ಚು ಯಾರಿಗೆ ಗೊತ್ತಿರಬೇಕು. ಮುಖ ಆ ಕಡೆ ಮಾಡಿದಳು. ಕಬ್ಬಿನ ಬುಡ ಕಂಡಿತು, ಒಣಗಿದ ಗರಿಯ ರವದಿ, ಸಾಲು ಹಿಡಿದು ಹೋಗುವ ಇರುವೆ. ಅಪ್ಪನಿಗೆ ಕಂಡದ್ದು ಇದೇ ಇರಬೇಕು, ಕಂಡಿದ್ದರೆ, ಎಂದುಕೊಂಡಳು.

ಯುವರಾಜ ಹದಿನೇಳು ಫೋಟೋ ತೆಗೆದ. "ಆತು, ಏಳವ್ವಾ," ಎಂದರು ಸರ್. ಅವಳು ಏಳಲಿಲ್ಲ. ಸರ್ ಎರಡನೆಯ ಸಲ ಕರೆದರು. ಮೂರನೆಯ ಸಲಕ್ಕೆ ಮಧುಮತಿ ಬಂದು ತೋಳು ಹಿಡಿದು ಎಬ್ಬಿಸಿದಳು. ಅಳುತ್ತಿದ್ದಾಳೇನೋ ಎಂದು ನೋಡಿದರೆ ಅತ್ತಿರಲಿಲ್ಲ, ಕೆನ್ನೆಗೆ ಮಣ್ಣು ಹತ್ತಿತ್ತು ಅಷ್ಟೆ.

ಸಾಲಿಗೆ ಬಂದು ಆ ಹದಿನೇಳರಲ್ಲಿ ಒಂದನ್ನು ಆರಿಸಿ, ಬೆಳಕು ಇಳಿಸಿ, ಸಂಜೆಯ ಹಾಗೆ ಮಾಡಿದಳು. ಮೇಲೆ ಏನು ಬರೆಯಬೇಕೆನ್ನುವುದಕ್ಕೆ ಇಡೀ ಕ್ಲಾಸು ಜಗಳವಾಡಿತು. 'ಅತಿವೇಗ ತಿಥಿ ಬೇಗ' ಎಂದ ಒಬ್ಬ, ಸರ್ ಅವನಿಗೆ ಕುಳಿತುಕೋ ಎಂದರು. ಕೊನೆಗೆ ಮನೀಷಾ ಒಂದು ಚೀಟಿಯಲ್ಲಿ ಬರೆದುಕೊಟ್ಟಳು: 'ಗಾಡಿ ಹೋತು. ಕಲ್ಲು ಉಳೀತು.' ಸರ್ ಅದನ್ನು ತಿದ್ದಲು ಪೆನ್ನು ತೆಗೆದವರು ಮತ್ತೆ ಜೇಬಿಗೆ ಸಿಕ್ಕಿಸಿಕೊಂಡರು.

ಪಂಚಾಯ್ತಿಯವರು ಮಾತು ಉಳಿಸಿಕೊಂಡರು, ಇದೂ ನಡೆದದ್ದು ನಿಜ. ನವೆಂಬರಿನ ಒಂದು ರವಿವಾರ ಕ್ರಾಸಿನಲ್ಲಿ ಎರಡು ಕಂಬ ನೆಟ್ಟು ಫ್ಲೆಕ್ಸು ಕಟ್ಟಿದರು. ಕೆಳಗೆ ಪಂಚಾಯ್ತಿ ಸದಸ್ಯರ ಹದಿಮೂರು ಫೋಟೋಗಳೂ ಬಂದಿದ್ದವು. ಅವರಿಲ್ಲದೆ ನಮ್ಮಲ್ಲಿ ಯಾವ ಫ್ಲೆಕ್ಸೂ ನಿಲ್ಲುವುದಿಲ್ಲ.

ಸೋಮವಾರ ಬೆಳಿಗ್ಗೆ ತಾಯಿ ಮಗಳು ಎಂದಿನಂತೆ ಕೂಡಿಯೇ ಮನೆ ಬಿಟ್ಟರು. ಕ್ರಾಸಿನವರೆಗೆ ಇಬ್ಬರ ದಾರಿ ಒಂದೇ, ಅಲ್ಲಿಂದ ಕರೆವ್ವ ಟಂಟಂ ಹತ್ತುತ್ತಾಳೆ, ಮನೀಷಾ ಸಾಲಿಗೆ ನಡೆಯುತ್ತಾಳೆ. ಮನೀಷಾ ನಿರಾಳವಾಗಿಯೇ ಇದ್ದಳು. ಅಂಗಿ ಬೇರೆ, ಬೈಕು ಬೇರೆ, ಮುಖ ಕಾಣುವುದಿಲ್ಲ. ಅವ್ವನಿಗೆ ಅಕ್ಷರ ಅಷ್ಟಾಗಿ ಬಾರದು. ನೋಡಿದರೆ ಯಾರೋ ಒಬ್ಬ ಬಿದ್ದಿದ್ದಾನೆ ಎಂದುಕೊಳ್ಳುತ್ತಾಳೆ, ಅಯ್ಯೋ ಪಾಪ ಎನ್ನುತ್ತಾಳೆ, ಟಂಟಂ ಬರುತ್ತದೆ.

ಕರೆವ್ವ ಫ್ಲೆಕ್ಸಿನ ಮುಂದೆ ನಿಂತಳು. ಟಿಫಿನ್ ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದಳು.

"ಇದು ನೀನ ಅಲ್ಲ?" ಎಂದಳು.

ಮನೀಷಾಳಿಗೆ ಸುಳ್ಳು ತಯಾರಿರಲಿಲ್ಲ. "ಹೂಂ. ಸಾಲ್ಯಾಗ ತಗದದ್ದು. ನಿನಗ ಹ್ಯಾಂಗ ಗೊತ್ತಾತು?"

"ಹಡದೇನಿ. ಬೆನ್ನ ಗೊತ್ತಾಗೂದಿಲ್ಲೇನ?" ಕಣ್ಣು ಫ್ಲೆಕ್ಸಿನ ಮೇಲೆಯೇ ಇತ್ತು. "ಹಿಂಗ ಮಲಗಂತ ಯಾರ ಹೇಳಿದ್ರ ನಿನಗ?"

"ಯಾರೂ ಹೇಳಿಲ್ಲ. ಹಂಗ ಸುಮ್ನ ಮಲಗಿದೆ."

"ಹಂಗ ಸುಮ್ನ ಯಾರೂ ಹಿಂಗ ಮಲಗೂದಿಲ್ಲ. ಎಡಗೈ ಮೈ ಕೆಳಗ ಸಿಕ್ಕೈತಿ. ಬಲಗಾಲ ಮಡಚೈತಿ." ಕರೆವ್ವ ಮಗಳ ಕಡೆ ತಿರುಗಿದಳು. "ನೀ ನೋಡೀದಿ."

ರಸ್ತೆಯಲ್ಲಿ ಕಬ್ಬಿನ ಗಾಡಿಯೊಂದು ಹೋಯಿತು. ಅದರ ಹಾಡಿನ ಸದ್ದು ದೂರವಾಯಿತು.

"ನಾನೂ ನೋಡೇನವ್ವಾ," ಎಂದಳು ಕರೆವ್ವ. "ದಿವಸಾ ಮಾಡಿದ ಮರುದಿನ ನಿಮ್ಮ ಮಾಮಾಗ ಆಣಿ ಹಾಕಿ ಕೇಳಿದೆ, ತೋರಿಸಿದ. ಆಮ್ಯಾಲೆ ಅವನ ಫೋನಿನ್ಯಾಂದೂ ತಗಸಿದೆ, ನಿನ್ನ ಕಣ್ಣಿಗೆ ಬೀಳಬಾರ್ದಂತ. ಒಂದ ವರ್ಸ ಆತು, ನಿಂಗ ಗೊತ್ತಾಗಬಾರ್ದಂತ ಬಾಯಿ ಕಟಗೊಂಡ ಅದೇನಿ. ನೀ ಯಾವಾಗ ನೋಡಿದಿ?"

ಈ ಪ್ರಶ್ನೆಗೆಂದೇ ಮನೀಷಾ ಒಂದು ವರ್ಷದಿಂದ ಅಂಜಿಕೊಂಡಿದ್ದಳು. ಬಂದೇ ಬಂತು, ಅದೂ ಹತ್ತಡಿ ಅಗಲದ ತನ್ನದೇ ಕೈಕೆಲಸದ ಕೆಳಗೆ ನಿಂತಾಗ. ಯಾವುದೋ ದಿನ, ಯಾರದೋ ಫೋನಿನಲ್ಲಿ ಎಂದು ಹೇಳಬಹುದಿತ್ತು. ಹೇಳಲು ಆಗಲಿಲ್ಲ.

"ಅವತ್ತ ನೋಡಿದೆ. ಮಾಮಾ ಬರೂಕಿಂತ ಮದ್ಲ," ಎಂದಳು. "ನೀ ಒಳಗ ಒಲಿ ಮುಂದ ಇದ್ದಿ. ನನ್ನ ಕೈಯಾಗಿನ ಫೋನಿಗೆ ಬಂತು. ನಾ ನಿನಗ ಹೇಳ್ಲಿಲ್ಲ. ಮಾಮಾ ಬರೂತನಕಾ ಹೇಳ್ಲಿಲ್ಲ ಯವ್ವಾ. ನೀ ಅಪ್ಪಗ ಫೋನ್ ಹಚ್ಚಂದಿ, ನಾ ಹಚ್ಚೂ ಇಲ್ಲ."

ಹೇಳಿ ಮುಗಿಸಿ ಹೊಡೆತಕ್ಕೆ ಕಾದಳು. ಹೊಡೆದರೆ ಒಳ್ಳೆಯದಿತ್ತು. ಕರೆವ್ವನ ತುಟಿಗಳು ಏನೋ ಲೆಕ್ಕ ಹಾಕುವವರಂತೆ ಮೆಲ್ಲಗೆ ಅಲುಗಾಡುತ್ತಿದ್ದವು. ಆ ಸಂಜೆಯನ್ನು ಅವಳು ಮತ್ತೊಮ್ಮೆ ಮೊದಲಿನಿಂದ ನೋಡುತ್ತಿದ್ದಳು, ಈ ಸಲ ಹೊರಗಿನ ಕೋಣೆಯಲ್ಲಿ ಪುಸ್ತಕ ಹಿಡಿದು ಕುಳಿತ ಹುಡುಗಿಯೊಂದಿಗೆ. ಅಷ್ಟರಲ್ಲಿ ಟಂಟಂ ಬಂದು ನಿಂತು ಹಾರ್ನ್ ಹೊಡೆಯಿತು. "ಬಾರಬೇ ಯಕ್ಕಾ, ಹೊತ್ತಾತು," ಎಂದ ಡ್ರೈವರ್. ಕರೆವ್ವ ಅತ್ತ ನೋಡದೆ, ಹೋಗು ಎಂದು ಕೈ ಮಾಡಿದಳು. ಅದು ಗೊಣಗಿಕೊಂಡು ಹೋಯಿತು.

"ಅಷ್ಟೊತ್ತನಕಾ," ಎಂದಳು ಕರೆವ್ವ, "ಅಷ್ಟೊತ್ತನಕಾ ನೀ ಒಬ್ಬಾಕೀನ ಹ್ಯಾಂಗ ಕುಂತಿದ್ದೆವ್ವಾ?"

ಮನೀಷಾ ಉತ್ತರ ಹೇಳಲು ಹೋದಳು. ಹೋಮ್‌ವರ್ಕ್ ಬರೆಯುತ್ತಿದ್ದೆ ಎನ್ನಬೇಕೆಂದಿದ್ದಳು. ಹೋ ಎನ್ನುವಷ್ಟರಲ್ಲಿ ಗಂಟಲಿನಿಂದ ಬೇರೆಯೇ ಸದ್ದು ಬಂತು, ಅವಳಿಗೇ ಗುರುತು ಸಿಗದಂಥ ಸದ್ದು. ಮೊಣಕಾಲು ಮಡಚಿಕೊಂಡು ರಸ್ತೆಯ ಬದಿಯ ಮಣ್ಣಿನಲ್ಲಿ ಕುಳಿತುಬಿಟ್ಟಳು. ನೋವಾಯಿತು. ಎದೆಯಲ್ಲಿ, ಹೊಟ್ಟೆಯಲ್ಲಿ, ಎಲ್ಲ ಕಡೆ ಒಮ್ಮೆಲೇ ನೋವಾಯಿತು, ಅಪ್ಪಾ ಎಂದು ಕೂಗಿ ಅತ್ತಳು. ಕರೆವ್ವ ಟಿಫಿನ್ ಚೀಲ ಕೆಳಗಿಟ್ಟು ಪಕ್ಕದಲ್ಲಿ ಕುಳಿತು, ಮಗಳ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡಳು. ಹೋಗಿ ಬರುವವರು ಗಾಡಿ ನಿಧಾನ ಮಾಡಿ ಇಬ್ಬರನ್ನೂ ನೋಡಿದರು, ಮೇಲಿನ ಫ್ಲೆಕ್ಸನ್ನೂ ನೋಡಿದರು. ಅವತ್ತು ಅಂಗನವಾಡಿಗೂ ಸಾಲಿಗೂ ಅವರಿಬ್ಬರೂ ಹೋಗಲಿಲ್ಲ.